ತಾರಾಬಾಯಿಯ ಖಾಲಿ ಹೊಟ್ಟೆ

ಶಿರಗುಪ್ಪಿಯ ತಾರಾಬಾಯಿ ಯಾವ ಕೆಲಸವನ್ನೂ ಹೇಳಿದಷ್ಟೇ ಮಾಡಿದವಳಲ್ಲ. ನೆರೆಯವರು ಬಟ್ಟಲು ಹಾಲು ಕೇಳಿದರೆ ತಂಬಿಗೆ ಕೊಡುವಳು. ಊರ ಜೈನರೆಲ್ಲ ಒಪ್ಪೊತ್ತು ಉಂಡರೆ ಇವಳದು ಪೂರಾ ಉಪವಾಸ. ಗಂಡ ಭಾವುಸಾಹೇಬ ಕಬ್ಬಿನ ಹೊಲದಲ್ಲಿ ಎಷ್ಟೇ ಜೋರು ಮಾಡಲಿ, ಇವಳ ವ್ರತದ ಮುಂದೆ ಅವನ ಆಟ ನಡೆಯುತ್ತಿರಲಿಲ್ಲ ಬಿಡಿ.

ತೊಂಬತ್ನಾಲ್ಕರ ಮಾತು. ಅವಳಿಗೆ ಹೊಟ್ಟೆಯ ಬಲಗಡೆ ಆಗಾಗ ಹಿಡಿದುಕೊಳ್ಳತೊಡಗಿತು. ಅಥಣಿಯಲ್ಲಿ ಹೊಸದಾಗಿ ಸ್ಕ್ಯಾನಿಂಗ್ ಮಶೀನು ಬಂದಿತ್ತು. ಡಾಕ್ಟರು, ಸೋಮವಾರ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದರು. ತಾರಾಬಾಯಿ ಶುಕ್ರವಾರದಿಂದಲೇ ಉಪವಾಸ ಹಿಡಿದಳು. ಖಾಲಿ ಎಂದ ಮೇಲೆ ಖಾಲಿಯೇ ಇರಲಿ ಎಂದು ಭಾವುಸಾಹೇಬನೂ ಸುಮ್ಮನಾದ.

"ಏನೂ ತಿಂದಿಲ್ಲ ಹೌದಿಲ್ರಿ?" ಎಂದರು ಡಾಕ್ಟರು.

"ಏನೇನೂ ಇಲ್ರಿ," ಎಂದಳು ತಾರಾಬಾಯಿ, ಹೆಮ್ಮೆಯಿಂದ.

ಪರದೆಯ ಮೇಲೆ ಬೂದು ಮಂಜಿನ ನಡುವೆ ಒಂದು ಕಪ್ಪು ಚೀಲ ಕಂಡಿತು. ಡಾಕ್ಟರು ಚಿತ್ರವನ್ನು ನಿಲ್ಲಿಸಿ, ಚೀಲದ ಎರಡೂ ತುದಿಗೆ ಗುರುತು ಇಟ್ಟರು. ನಡುವಿನ ಅಳತೆಯನ್ನು ಮಶೀನೇ ಲೆಕ್ಕ ಹಾಕಿ ತೋರಿಸಿತು. ಅವರ ಹುಬ್ಬು ಗಂಟಾಯಿತು. ಮತ್ತೆ ಅಳೆದರೂ ಅಷ್ಟೇ ಬಂತು.

"ಪಿತ್ತಕೋಶ ಭಾಳ ಉಬ್ಬೇತ್ರಿ. ಮಿರಜಿನ ದೊಡ್ಡ ದವಾಖಾನಿಗೆ ಹೋಗ್ರಿ, ಆಪರೇಶನ್ ಬೇಕಾದೀತು."

ಭಾವುಸಾಹೇಬನ ಅವ್ವ ಆಪರೇಶನ್ನಿಗೆಂದು ಒಳಗೆ ಹೋದವಳು ಜೀವಂತ ಹೊರಗೆ ಬಂದಿರಲಿಲ್ಲ. ಅವನು ತಾರಾಬಾಯಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, "ಒಂದ ಬಾಳೆಹಣ್ಣರ ತಿನ್ನ," ಎಂದ.

"ಇವತ್ತೂ ಉಪಾಸ ಐತ್ರಿ. ನಾಳೆ ಪಾರಣಿ ಮಾಡಿ ಉಣ್ಣತೇನಿ."

ಅವನಿಗೆ ರೇಗಿಹೋಯಿತು. "ನಾಕ ದಿನಾ ಆತು, ಹೊಟ್ಟಿಗೆ ಒಂದ ತುತ್ತಿಲ್ಲ! ಸಾಯಾಕ ನಿಂತೀಯೇನ?"

ದವಾಖಾನೆಗೆಲ್ಲ ಕೇಳಿಸಿತು. ಡಾಕ್ಟರು ಓಡಿಬಂದರು.

"ನಾಕ ದಿನಾ? ಅಯ್ಯ ಅಕ್ಕಾರ, ನಾ ಹೇಳಿದ್ದು ಒಂದ ರಾತ್ರಿ! ಉಂಡ್ರ ಪಿತ್ತಕೋಶ ಪಿತ್ತ ಹೊರಗ ಹಾಕತೈತಿ. ನೀವು ಉಣ್ಣಲಿಲ್ಲ, ಅದು ತುಂಬಕೋತ ಕುಂತೈತಿ. ತುಪ್ಪಾ ಹಾಕ್ಕೊಂಡ ಉಣ್ರಿ, ಗುರುವಾರ ಮತ್ತ ನೋಡೂನು."

ಗುರುವಾರ ಅದೇ ಚೀಲ, ತುದಿಗೆ ಅದೇ ಗುರುತು. ಅಳತೆ ಮಾತ್ರ ಎಲ್ಲರಿಗೆ ಇರುವಷ್ಟಕ್ಕೇ ಇಳಿದಿತ್ತು. ಕಲ್ಲಿಲ್ಲ, ಬಾವಿಲ್ಲ, ನೋವು ಬರೀ ವಾಯುವಿನದು ಎಂದರು ಡಾಕ್ಟರು. ಅಬ್ಬಾ! ಭಾವುಸಾಹೇಬ ಅವರೆದುರಿಗೇ ಟೋಪಿ ತೆಗೆದು ಕಣ್ಣೊರೆಸಿಕೊಂಡ.

ಬಸ್ಸಿನಲ್ಲಿ ಕೇಳಿದ: "ಅಲ್ಲಾ, ಅಷ್ಟ ದಿನಾ ಯಾಕ ಉಪಾಸ ಹಿಡದಿ?"

ತಾರಾಬಾಯಿ ಸೆರಗು ಸರಿಪಡಿಸಿಕೊಂಡಳು. "ಮಶೀನಿನ್ಯಾಗ ಏನೂ ಸಿಗಬಾರ್ದು ಅಂತ ಸ್ವಾಮಿಗೆ ಬೇಡ್ಕೊಂಡಿದ್ದೆರಿ."

ಭಾವುಸಾಹೇಬ ನಕ್ಕ ನಗೆಗೆ ಕಂಡಕ್ಟರು ತಿರುಗಿ ನೋಡಿದ. ನಗು ನಿಂತ ಮೇಲೆ ಅವಳ ಕೈ ಹಿಡಿದುಕೊಂಡವನು ಶಿರಗುಪ್ಪಿ ಬರುವವರೆಗೂ ಬಿಡಲಿಲ್ಲ.