ಕೋಲಿನ ನೆರಳು, ಮರದ ನೆರಳು

ಅಂಕೋಲೆಯಲ್ಲಿ ಎಂಟನೇ ತರಗತಿ ಓದುತ್ತಿದ್ದ ಆ ದಿನಗಳಲ್ಲಿ ನನಗೆ ಒಂದು ಕಡೆ ಕುಳಿತು ಗೊತ್ತಿರಲಿಲ್ಲ. ಮಳೆ ಮುಗಿದು ಬಿಸಿಲು ಚುರುಗುಟ್ಟುತ್ತಿತ್ತು. ಓಣಿಯ ತುಂಬ ಒಣಮೀನಿನ ವಾಸನೆ. ನಮ್ಮ ಅಂಗಳದ ತೆಂಗಿನಮರದ ಸುಳಿ ಒಣಗಿದ್ದರಿಂದ ಭಾನುವಾರ ಅದನ್ನು ಕಡಿಸಬೇಕಿತ್ತು. ಒಂದು ಕಡೆ ನಮ್ಮ ಮನೆ, ಇನ್ನೊಂದು ಕಡೆ ಬಾವಿ. ಬೀಳಿಸಲು ಉಳಿದದ್ದು ಪಕ್ಕದ ಶಾರದಕ್ಕನ ಹಂಚಿನ ಅಡುಗೆಮನೆಯ ದಿಕ್ಕು ಮಾತ್ರ.

“ಅಲ್ಲೀವರೆಗೆ ಮುಟ್ಟೂದಿಲ್ಲ,” ಎಂದ ಅಪ್ಪ, ಕಣ್ಣಳತೆಯಲ್ಲೇ.

ಅದೇ ವಾರ ಗಣಿತದ ಅಕ್ಕೋರು ನೇರ ಅನುಪಾತ ಕಲಿಸಿದ್ದರು. ಎತ್ತರ ಎಷ್ಟು ಪಟ್ಟು ಹೆಚ್ಚೋ ನೆರಳೂ ಅಷ್ಟೇ ಪಟ್ಟು ಹೆಚ್ಚು. ಮರದ ಎತ್ತರ ತಿಳಿಯಲು ನಾನು ಶಾಲೆಗೆ ಹೊರಡುವಾಗ ಒಂದು ಕೋಲು ನೆಟ್ಟು ಅದರ ನೆರಳು ಅಳೆದೆ, ಮರದ್ದನ್ನು ಸಂಜೆ ಬಂದು ಅಳೆದೆ. ಮರುದಿನವೂ ಹಾಗೇ ಮಾಡಿದೆ, ಸಂಜೆ ಬಂದದ್ದು ಮಾತ್ರ ತಡವಾಗಿ. ಒಂದೇ ಮರಕ್ಕೆ ಎರಡು ಎತ್ತರ ಬಂತು. ಒಳಗೂ ಹೊರಗೂ ತಿರುಗಿದೆ.

“ಎಂತದೇ ಅದು, ಬಾಲ ಸುಟ್ಟ ಬೆಕ್ಕಿನ ಹಾಂಗೆ?” ಎಂದಳು ಆಯಿ, ನನ್ನ ಅಮ್ಮ.

ಶನಿವಾರ ಅಕ್ಕೋರನ್ನೇ ಕೇಳಿದೆ. “ಎರಡೂ ಒಂದೇ ಹೊತ್ತಿಗೆ ಅಳ್ದಿದ್ಯೇನೆ?” ಎಂದರು ಅವರು. ಹೊತ್ತು ಸರಿದಂತೆ ಎತ್ತರಕ್ಕೂ ನೆರಳಿಗೂ ಇರುವ ಪ್ರಮಾಣವೇ ಬದಲಾಗುತ್ತದೆ. ಒಂದೇ ಗಳಿಗೆಯಲ್ಲಿ ಮಾತ್ರ ಅದು ಕೋಲಿಗೂ ಮರಕ್ಕೂ ಒಂದೇ.

ಭಾನುವಾರ ಮರ ಕಡಿಯುವ ಮಾದೇವಣ್ಣ ಕೊಡಲಿ ಮಸೆಯುತ್ತಿದ್ದ. ನಾನು ಕೋಲಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತಿದ್ದೆ. ಏಳುವುದು, ಅಳೆಯುವುದು, ಮತ್ತೆ ಕೂರುವುದು. ಮಧ್ಯಾಹ್ನ ಸಮೀಪಿಸಿದಾಗ ಕೋಲಿನ ನೆರಳು ಕೋಲಿನ ಅರ್ಧಕ್ಕೆ ಬಂತು. ಕೂಡಲೇ ಓಡಿ ಮರದ ನೆರಳಿನುದ್ದಕ್ಕೆ ಹಗ್ಗ ಹಿಡಿದೆ. ಅದರ ಎರಡರಷ್ಟು ಹಗ್ಗವನ್ನು ಮರದ ಬುಡದಿಂದ ಶಾರದಕ್ಕನ ಮನೆಯತ್ತ ಎಳೆದೆ. ತುದಿ ಅಡುಗೆಮನೆಯ ಬಾಗಿಲು ದಾಟಿ ಅವಳ ಒಲೆಯ ಹತ್ತಿರ ಹೋಗಿ ನಿಂತಿತು. ಅವಳು ಮೀನು ಕೊಯ್ಯುವುದನ್ನು ಬಿಟ್ಟು ನನ್ನನ್ನೇ ನೋಡಿದಳು.

“ಅಪ್ಪಾ, ಮರ ಇಲ್ಲೀವರೆಗೆ ಬರ್ತದೆ.”

ಅಪ್ಪ ಬಂದು ಕೋಲು ನೋಡಿದ, ಹಗ್ಗ ನೋಡಿದ. “ಮಾದೇವಾ, ಮೇಲಿನ ಅರ್ಧ ಮೊದ್ಲು ತೆಗೀಲಿಕ್ಕೆ ಆಗ್ತದನೋ?”

“ಆಗ್ದೇ ಎಂತ? ಬುಡ ಗಟ್ಟಿ ಉಂಟು,” ಎಂದು ಮಾದೇವಣ್ಣ ಸೊಂಟಕ್ಕೆ ಹಗ್ಗ ಬಿಗಿದು ಹತ್ತಿದ. ಮೇಲಿನ ತುಂಡುಗಳನ್ನು ಒಂದೊಂದಾಗಿ ಇಳಿಸಿದ. ಕೊನೆಗೆ ಬುಡದ ಭಾಗ ದಬ್ಬನೆ ಬಿದ್ದು ಶಾರದಕ್ಕನ ಗೋಡೆಯ ಈಚೆಯೇ ಉಳಿಯಿತು. ಅವಳು ಒಳಗೆ ಹೋಗಿ ಮತ್ತೆ ಮೀನು ಕೊಯ್ಯತೊಡಗಿದಳು.

ಈಗ ನಾನು ಕಾರವಾರದ ಕಚೇರಿಯೊಂದರಲ್ಲಿ ದಿನವಿಡೀ ಅಂಕಿಗಳ ನಡುವೆಯೇ ಇರುತ್ತೇನೆ. ಎರಡು ಉತ್ತರ ಹೊಂದದಿದ್ದರೆ ಕಂಪ್ಯೂಟರ್ ತೋರಿಸಿದ್ದನ್ನು ಒಪ್ಪಿಕೊಂಡು ಸಂಜೆಯ ಬಸ್ಸು ಹಿಡಿಯುತ್ತೇನೆ. ಅಂಕೋಲೆಯ ಬಾಳೆಗುಳಿಯಲ್ಲಿ ಇಳಿಯುವವರೆಗೆ ಒಳ್ಳೆಯ ನಿದ್ದೆ ಬರುತ್ತದೆ. ಕೋಲಿನ ಪಕ್ಕ ಕೂತಿದ್ದ ಆ ಹುಡುಗಿಗಾದರೆ ಬರುತ್ತಿರಲಿಲ್ಲ.