ಕೆಂಪಿಯ ಸೋಮವಾರಗಳು

ಅಕ್ವೇರಿಯಂ ಅಂಗಡಿಯವರೊಬ್ಬರು ಹೇಳಿದ ನಾಲ್ಕು ಮಾತುಗಳನ್ನು, ಒಂದನ್ನೂ ಪರಿಶೀಲಿಸದೆ, ನಾನು ನಂಬಿದೆ. ಈ ವಾಕ್ಯವನ್ನು ಇಷ್ಟು ನೇರವಾಗಿ ಬರೆಯುವ ಧೈರ್ಯ ಬರಲು ಒಂದು ಮಳೆಗಾಲ ಪೂರ್ತಿ ಬೇಕಾಯಿತು. ನಿವೃತ್ತಿಗೆ ಮುನ್ನ ನನ್ನ ಕಸುಬು ಶಾಸನಗಳ ಕಾಲನಿರ್ಣಯ. ತಿಥಿ, ವಾರ, ನಕ್ಷತ್ರ ಮೂರೂ ಒಂದಕ್ಕೊಂದು ಹೊಂದುವವರೆಗೆ ಸಾಕ್ಷಾತ್ ಚಕ್ರವರ್ತಿಯ ಮಾತನ್ನೂ ನಾನು ಒಪ್ಪಿದವನಲ್ಲ. ಮನೆಗೆ ಬರುವ ಮದುವೆಯ ಕಾರ್ಡಿನಲ್ಲಿ ದಿನಾಂಕಕ್ಕೂ ವಾರಕ್ಕೂ ತಾಳೆ ನೋಡಿ, ತಪ್ಪಿದ್ದರೆ ವಧುವಿನ ತಂದೆಗೆ ಫೋನು ಮಾಡಿ ತಿಳಿಸುವ ಅಭ್ಯಾಸವೂ ಇದೆ. ಹೀಗಾಗಿ ಈಚೆಗೆ ಪರಿಚಿತರು ನಮ್ಮನ್ನು ಮದುವೆಗೆ ಬಾಯಿಮಾತಿನಲ್ಲೇ ಕರೆದು ಹೋಗುತ್ತಾರೆ. ಅಂಥ ನಾನು ಮೀನಿನ ಮುಂದೆ ಸೋತೆ.

ಸೋಲಿಗೆ ಕಾರಣವಿತ್ತು. ನನ್ನ ಹೆಂಡತಿ ನೀಲಮ್ಮನಿಗೆ ಕೆಲವು ವರ್ಷಗಳಿಂದ ಕಿವಿ ಮಂದವಾಗುತ್ತ ಬಂದು, ಈಗ ಬಹುಮಟ್ಟಿಗೆ ಕೇಳಿಸುವುದೇ ಇಲ್ಲ. ಕಿವಿಗೆ ಹಚ್ಚುವ ಮಷಿನ್ ತಂದುಕೊಟ್ಟೆವು. ಅದರಲ್ಲಿ ಚಮಚೆ ಬಿದ್ದರೆ ಸಿಡಿಲು ಬಿದ್ದಂತಾಗುತ್ತದೆಂದು ಆಕೆ ಅದನ್ನು ಅರಿವೆಯಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟುಬಿಟ್ಟಳು. ಕೇಳಿಸದ ಮನೆಯಲ್ಲಿ ದೊಡ್ಡ ಮಾತುಗಳು ಹೇಗೋ ಉಳಿದುಕೊಳ್ಳುತ್ತವೆ, ಅವನ್ನು ಕೂಗಿ ಹೇಳಬಹುದು, ಹಾಳೆಯ ಮೇಲೆ ಬರೆದು ತೋರಿಸಬಹುದು. ಮೊದಲು ಹೊರಟುಹೋಗುವವು ಸಣ್ಣ ಮಾತುಗಳು. ‘ಚಹಾ ಚಲೋ ಆಗೇತಿ’ ಎಂಬುದನ್ನು ಮೂರು ಸಲ ಕೂಗಿ ಹೇಳಿದರೆ ಅದು ಹೊಗಳಿಕೆಯಾಗಿ ಉಳಿಯುವುದಿಲ್ಲ, ಜಗಳದಂತೆ ಕೇಳುತ್ತದೆ. ಹೀಗೆ ಒಂದೊಂದೇ ಮಾತು ಬಿಟ್ಟುಕೊಡುತ್ತ ಬಂದೆವು. ನಾನು ಮಾತಾಡುವುದು ಕಡಿಮೆಯಾದಂತೆ, ಬಾಯಿ ಚೆನ್ನಾಗಿಯೇ ಇದ್ದ ಆಕೆಯೂ ಮಾತು ಕಡಿಮೆ ಮಾಡಿದಳು.

ಕಣ್ಣಿಗಾದರೂ ಏನಾದರೂ ಚಲನೆ ಇರಲೆಂದು ಒಂದು ಮೀನು ತರುವ ಯೋಚನೆ ಬಂದದ್ದು ಆಗ. ಹಳೆಯ ಬಾಗಲಕೋಟೆಯ ಮನೆಯನ್ನು ಅಣೆಕಟ್ಟಿನ ಹಿನ್ನೀರಿಗೆ ಬಿಟ್ಟುಕೊಟ್ಟು ನವನಗರಕ್ಕೆ ಬಂದ ನಾವು, ದುಡ್ಡು ಕೊಟ್ಟು ಮನೆಯೊಳಕ್ಕೆ ನೀರು ತರುವುದು ವಿಚಿತ್ರವೆನ್ನಿಸಿತು, ಆದರೂ ಹೋದೆ.

ಅಂಗಡಿ ಹುನಗುಂದದಿಂದ ಬಂದ ಮೌಲಾಸಾಬನದು. ಮೊದಲು ಆತ ಗಡಿಯಾರ ರಿಪೇರಿ ಮಾಡುತ್ತಿದ್ದ. ಜನ ಗಡಿಯಾರ ಕಟ್ಟುವುದನ್ನು ಬಿಟ್ಟ ಮೇಲೆ ಮೀನಿಗೆ ತಿರುಗಿದ. ಗಡಿಯಾರದವನೆಂಬ ಒಂದೇ ಅರ್ಹತೆಯ ಮೇಲೆ ನನಗೆ ಆತನಲ್ಲಿ ವಿಶ್ವಾಸ ಹುಟ್ಟಿತು. ಒಂದು ಗೋಲ್ಡ್ ಫಿಶ್ ಆರಿಸಿ, ಆತ ಮುಂದಿಟ್ಟ ಗುಂಡನೆಯ ಗಾಜಿನ ಬಟ್ಟಲನ್ನು ನೋಡಿದೆ.

“ಇದು ಸಣ್ಣದಾತಲ್ಲ, ಮೌಲಾಸಾಬ?”

“ಸರ್, ಈ ಮೀನಾ ಭಾಳ ಶ್ಯಾಣ್ಯಾ ಇರ್ತೈತ್ರಿ. ಬಟ್ಟಲಾ ಎಷ್ಟೈತಿ ನೋಡಿಕೊಂಡ ಅಷ್ಟ ಬೆಳೀತೈತಿ.”

“ಗಾಳಿ ಬಿಡೂ ಮಷಿನ್?”

“ಬ್ಯಾಡ್ರಿ. ಬಟ್ಟಲದ ಬಾಯಿ ಅಗಲ ಐತಲ್ರಿ, ಗಾಳಿ ತಾನ ಬರ್ತೈತಿ. ವಾರಕ್ಕೊಮ್ಮೆ ನೀರ ಪೂರಾ ಚೆಲ್ಲಿ, ಲಕಲಕಾ ತಿಕ್ಕಿ, ಹೊಸಾ ನೀರ ಹಾಕಿಬಿಡ್ರಿ. ಮುಗೀತು.”

“ಇಷ್ಟರಾಗ ಸುತ್ತಿಕೋತ ಅದಕ್ಕ ಬ್ಯಾಸರಾಗೂದಿಲ್ಲೇನು?”

ಮೌಲಾಸಾಬ ನಕ್ಕ. “ಬ್ಯಾಸರಾಗಾಕ ನೆನಪ ಇರಬೇಕಲ್ರಿ! ಮೂರ ಸೆಕೆಂಡ ನೆನಪ್ರಿ ಅದಕ್ಕ. ಒಂದ ಸುತ್ತ ಹೊಡದ್ರ ಹಿಂದಿಂದೆಲ್ಲಾ ಖಲಾಸ. ದಿನಾ ಹೊಸಾ ಮನಿ ನೋಡಿದಂಗ.”

ಈ ನಾಲ್ಕೂ ಮಾತುಗಳನ್ನು ಕಿಸೆಯ ಪುಸ್ತಕದಲ್ಲಿ ದಿನಾಂಕ ಸಹಿತ ಬರೆದುಕೊಂಡೆ. ಬರೆದುಕೊಂಡದ್ದು ನಿಜವಾಗಿಬಿಡುತ್ತದೆ ಎಂಬ ಭ್ರಮೆ ನಮ್ಮ ವೃತ್ತಿಯ ಹಳೆಯ ಕಾಯಿಲೆ. ಕೊನೆಯ ಮಾತಂತೂ ನನ್ನನ್ನು ಪೂರ್ತಿ ಮರುಳು ಮಾಡಿತು. ಸಾವಿರಾರು ವರ್ಷಗಳ ಹಿಂದಿನದನ್ನು ನೆನಪಿಡುವುದೇ ಕೆಲಸವಾಗಿದ್ದವನಿಗೆ, ಮೂರು ಸೆಕೆಂಡಿನ ಹಿಂದಿನದೂ ಬೇಡವಾದ ಜೀವವೊಂದು ಎಷ್ಟು ನಿರಾಳವಾಗಿರಬಹುದು ಎಂದು ಅಸೂಯೆಯಾಯಿತು.

ಮನೆಯ ಗೇಟು ತೆರೆಯುವಾಗ ಪಕ್ಕದ ಮನೆಯ ಕಮಲಕ್ಕ ಕಾಂಪೌಂಡಿನ ಮೇಲಿಂದ ಇಣುಕಿ, “ಏನ್ರಿ ಸರ್, ಶ್ರಾವಣದಾಗ ಮೀನಾ ತಂದೀರಿ?” ಎಂದು ಗಾಬರಿಯಾದರು. ಇದು ನೋಡುವ ಮೀನೆಂದು ಪಾಲಿಥೀನ್ ಚೀಲ ಎತ್ತಿ ತೋರಿಸಿದ ಮೇಲೆ ಸಮಾಧಾನವಾಯಿತು.

ನೀಲಮ್ಮ ಮೊದಲ ದಿನ ಬಟ್ಟಲಿನ ಎದುರು ಕುಳಿತು ಬಹಳ ಹೊತ್ತು ನೋಡಿದಳು. ಬಂಗಾರದ ಮೀನೆಂದು ನಾನು ಹಾಳೆಯ ಮೇಲೆ ಬರೆದು ತೋರಿಸಿದೆ. ಆಕೆ ಒಪ್ಪಲಿಲ್ಲ; ಕಂಡದ್ದು ಕೆಂಪು, ಆದ್ದರಿಂದ ‘ಕೆಂಪಿ’ ಎಂದು ಹೆಸರಿಟ್ಟಳು. ಆಮೇಲೆ ನನ್ನತ್ತ ತಿರುಗಿ ಹೇಳಿದಳು:

“ಇದೂ ಬಾಯಿ ತಗೀತೈತಿ, ನೀವೂ ಬಾಯಿ ತಗೀತೀರಿ. ನನಗ ಇಬ್ಬರದೂ ಒಂದ. ಆದ್ರ ಇದು ನಿಮ್ಮಂಗ ‘ಕೇಳಸ್ತೇನು, ಕೇಳಸ್ತೇನು’ ಅಂತ ಜೀಂವಾ ತಿನ್ನಂಗಿಲ್ಲ ನೋಡ್ರಿ.”

ಅಷ್ಟು ಉದ್ದದ ಮಾತನ್ನು ಆಕೆ ಆಡಿ ಎಷ್ಟು ದಿನಗಳಾಗಿದ್ದವೋ. ಬೈಸಿಕೊಂಡ ಸಂತೋಷದಲ್ಲಿ ನಾನು ಮತ್ತೊಂದು ಲೋಟ ಚಹಾ ಕೇಳಿದೆ.

ಅಲ್ಲಿಂದ ಮನೆಯಲ್ಲಿ ಮತ್ತೆ ಮಾತು ಶುರುವಾಯಿತು. ಆಕೆ ಕಾಯಿಪಲ್ಲೆ ಹೆಚ್ಚುವುದು ಬಟ್ಟಲಿನ ಪಕ್ಕದಲ್ಲಿ, ಬಾದಾಮಿಯಲ್ಲಿರುವ ತಂಗಿಯ ಸುದ್ದಿ ಹೇಳುವುದು ಕೆಂಪಿಗೆ. ನನ್ನ ಮೇಲಿನ ದೂರುಗಳೂ ಅಲ್ಲಿಯೇ ದಾಖಲಾಗುತ್ತಿದ್ದವು. ನಾನು ಪತ್ರಿಕೆ ಓದುವವನಂತೆ ಕುಳಿತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ.

ಮೌಲಾಸಾಬನ ನಾಲ್ಕನೆಯ ಮಾತು ಮೊದಲು ಬಿದ್ದುಹೋಯಿತು. ನೀಲಮ್ಮ ಎದುರು ಬಂದರೆ ಕೆಂಪಿ ಗಾಜಿಗೆ ಮೂತಿ ಹಚ್ಚಿ ಬಾಲ ಬಡಿಯುತ್ತಿತ್ತು. ನಾನು ಹೋದರೆ ಬೆನ್ನು ತಿರುಗಿಸುತ್ತಿತ್ತು. ಆಕೆಯ ಇಳಕಲ್ಲ ಸೀರೆಯ ಕೆಂಪು ಸೆರಗನ್ನು ನೋಡಿ ಮೋಸಹೋಗಿರಬಹುದೆಂದು, ಒಂದು ದಿನ ಅದೇ ಬಣ್ಣದ ಟವೆಲು ಹೆಗಲಿಗೆ ಹಾಕಿಕೊಂಡು ಹೋಗಿ ನಿಂತೆ. ಬೆನ್ನೇ ಸಿಕ್ಕಿತು. ಬೇರೆ ಬೇರೆ ಹೊತ್ತಿನಲ್ಲಿ ನಾಲ್ಕು ಸಲ ಪರೀಕ್ಷಿಸಿದೆ, ನಾಲ್ಕು ಸಲವೂ ಬೆನ್ನು. ಬಾದಾಮಿಯ ಎರಡನೆಯ ಗುಹೆಯ ಚಾವಣಿಯಲ್ಲಿ ಒಂದು ಚಕ್ರವಿದೆ. ಅದರ ಅರಗಳೆಲ್ಲ ಮೀನುಗಳು. ಹದಿನಾರು, ಕುತ್ತಿಗೆ ನೋಯುವಂತೆ ಮೂರು ಸಲ ಎಣಿಸಿದ್ದೇನೆ. ಅವುಗಳ ಕಾಲ, ಶೈಲಿ, ಉಳಿಯ ಗುರುತು ಎಲ್ಲದರ ಬಗ್ಗೆ ಟಿಪ್ಪಣಿ ಮಾಡಿಕೊಂಡವನಿಗೆ, ಮೀನೊಂದು ಮನುಷ್ಯರ ಗುರುತು ಹಿಡಿಯಬಲ್ಲದೆಂಬುದು ಮಾತ್ರ ತಿಳಿದಿರಲಿಲ್ಲ. ಮತ್ತೆ, ನೆನಪಿದ್ದರೆ ಬೇಸರವೂ ಇರಬೇಕಲ್ಲ! ಆ ಗುಂಡು ಬಟ್ಟಲು ಆ ಹೊತ್ತಿನಿಂದ ನನಗೆ ಚುಚ್ಚತೊಡಗಿತು.

ಕೆಂಪಿಗೆ ಆರಾಮಿಲ್ಲದಂತಾದದ್ದು ಇದರ ನಡುವೆಯೇ. ಒಂದು ಮಧ್ಯಾಹ್ನ ಮೈ ವಾಲಿಸಿ, ಮೇಲೆ ಬಂದು ಗಾಳಿಗಾಗಿ ಬಾಯಿ ಬಾಯಿ ಬಿಟ್ಟಿತು. ಎರಡು ದಿನದಲ್ಲಿ ಸುಧಾರಿಸಿತು. ಮತ್ತೆ ಹಾಗೆಯೇ ಆಯಿತು. ಮೂರನೆಯ ಸಲ ತಳಕ್ಕೆ ಹೋಗಿ ಒಂದು ಮಗ್ಗುಲಾಗಿ ಬಿದ್ದುಕೊಂಡಿತು. ಕಿವಿರು ಆಡುವುದೊಂದೇ ಜೀವವಿರುವ ಗುರುತು. ನೀಲಮ್ಮ ಎದುರಿಗೆ ಕುಳಿತಳು. ಹೆಸರು ಹಿಡಿದು ಕರೆಯಲಿಲ್ಲ, ನನ್ನನ್ನು ಬೈಯಲಿಲ್ಲ, ಊಟಕ್ಕೆ ಬನ್ನಿರೆಂದೂ ಹೇಳಲಿಲ್ಲ. ಈ ಮೀನು ಹೋದರೆ ಅದರ ಹಿಂದೆಯೇ ಏನು ಹೋಗುತ್ತದೆಂಬುದು ನನಗೆ ಆಗ ಸ್ಪಷ್ಟವಾಗಿ ಕಂಡಿತು.

ನಾನು ಡೈರಿ ತೆರೆದೆ. ಕಷ್ಟ ಬಂದಾಗ ಕೆಲವರು ದೇವರಿಗೆ ಹೋಗುತ್ತಾರೆ, ನಾನು ಪಂಚಾಂಗಕ್ಕೆ ಹೋಗುತ್ತೇನೆ. ಐಹೊಳೆಯ ಮೇಗುಟಿಯ ಶಾಸನ ತನ್ನ ಕಾಲವನ್ನು ಒಮ್ಮೆ ಭಾರತಯುದ್ಧದಿಂದ ಎಣಿಸಿ, ಇನ್ನೊಮ್ಮೆ ಶಕವರ್ಷದಲ್ಲಿ ಹೇಳುತ್ತದೆ. ಎರಡು ಸಾಕ್ಷಿ ಕೊಟ್ಟ ಆ ಸೌಜನ್ಯಕ್ಕೆ ನಾನು ಯಾವಾಗಲೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ನನ್ನ ಡೈರಿಯಲ್ಲಿ ಸಾಕ್ಷಿಗಳಿಗೆ ಕೊರತೆಯಿರಲಿಲ್ಲ. ‘ಕೆಂಪಿಗೆ ಅಸ್ವಾಸ್ಥ್ಯ’ ಎಂಬ ಮೂರು ನಮೂದುಗಳು. ತಿಥಿ ತಾಳೆ ನೋಡಿದೆ, ಕೂಡಲಿಲ್ಲ. ನಕ್ಷತ್ರ ಕೂಡಲಿಲ್ಲ. ಮಳೆ ಬಂದ ದಿನ, ಕರೆಂಟು ಹೋದ ದಿನ, ಯಾವುದೂ ಇಲ್ಲ. ಯಾರಾದರೂ ಮೊದಲು ನೋಡಬಹುದಾದದ್ದನ್ನು ನಾನು ಕೊನೆಗೆ ನೋಡಿದೆ. ಮೂರೂ ಸೋಮವಾರ.

ಶ್ರಾವಣ ಸೋಮವಾರ ನಮ್ಮ ಮನೆಯಲ್ಲಿ ನಸುಕಿನಲ್ಲೇ ದೇವರ ಸಾಮಾನುಗಳು ಹೊರಬೀಳುತ್ತವೆ. ದೀಪದ ಸಮೆ, ಆರತಿ, ತಂಬಿಗೆಗಳಿಗೆ ಹುಣಸೆಹಣ್ಣು ಹಚ್ಚಿ ಥಳಥಳ ತಿಕ್ಕಿ, ಮನೆಯ ಎಲ್ಲ ಕೊಡಗಳ ಹಳೆಯ ನೀರು ಚೆಲ್ಲಿ, ಹೊಸ ನೀರು ತುಂಬುವುದು ನೀಲಮ್ಮನ ಪದ್ಧತಿ. ನಾನು ಬರೆದು ತೋರಿಸಿದ ಮೌಲಾಸಾಬನ ಮೂರನೆಯ ಮಾತು ಈ ಪದ್ಧತಿಗೆ ಸರಿಯಾಗಿ ಹೊಂದಿಕೊಂಡಿತ್ತು. ಕೆಂಪಿಯ ಬಟ್ಟಲೂ ದೇವರ ಸಾಮಾನಿನ ಸಾಲಿಗೆ ಸೇರಿ, ಒಂದು ಹನಿ ಹಳೆಯ ನೀರು ಉಳಿಯದಂತೆ ತೊಳೆಸಿಕೊಂಡು, ಆಗಷ್ಟೇ ನಳದಲ್ಲಿ ಬಂದ ನೀರನ್ನು ತುಂಬಿಕೊಳ್ಳುತ್ತಿತ್ತು. ನಳದ ನೀರಿಗೆ ಬ್ಲೀಚಿಂಗ್ ಪುಡಿ ಹಾಕುವುದು ನಮ್ಮ ಒಳಿತಿಗೆ. ಮೀನಿಗೆ ಅದು ವಿಷ.

ಕಾರಣ ಸಿಕ್ಕಿತು; ಹೇಳುವುದು ಹೇಗೆ? ‘ನೀನು ಭಕ್ತಿಯಿಂದ ಮಾಡಿದ್ದೇ ಅದನ್ನು ಕೊಲ್ಲುತ್ತಿತ್ತು’ ಎಂಬುದನ್ನು ಮೃದುವಾಗಿ ಹೇಳಬೇಕೆಂದರೆ ಮೆಲ್ಲಗೆ ಹೇಳಬೇಕು. ಮೆಲ್ಲಗೆ ಹೇಳಿದ್ದು ಆಕೆಗೆ ಕೇಳಿಸುವುದಿಲ್ಲ. ಕೂಗಿದರೆ ಆರೋಪವಾಗುತ್ತದೆ, ಬರೆದರೆ ತೀರ್ಪಾಗುತ್ತದೆ.

ಮರುದಿನ ಬೆಳಿಗ್ಗೆ ಕಿಸೆಯ ಪುಸ್ತಕ ಹಿಡಿದು ಅಂಗಡಿಗೆ ಹೋದೆ. ಆತನ ನಾಲ್ಕೂ ಮಾತುಗಳನ್ನು ದಿನಾಂಕ ಸಹಿತ ಓದಿ, ಕೆಂಪಿ ತಳ ಹಿಡಿದು ಬಿದ್ದದ್ದನ್ನು ಹೇಳಿದೆ. ಮೌಲಾಸಾಬನ ಮುಖ ಸಣ್ಣದಾಯಿತು.

“ಖರೆ ಹೇಳು, ನಿನ್ನ ಅಂಗಡ್ಯಾಗಿನ ಟ್ಯಾಂಕಿನ ನೀರ ವಾರಕ್ಕೊಮ್ಮೆ ಪೂರಾ ಚೆಲ್ತೀಯೇನು?”

“ಇಲ್ರಿ. ನಾಕರಾಗ ಒಂದ ಪಾಲ ತಗದು, ಒಂದಿನಾ ಇಟ್ಟ ನೀರ ಹಾಕ್ತೇನಿ.”

“ಗಾಳಿ ಮಷಿನ್?”

“ಅದಿಲ್ದ ಹೆಂಗ್ರಿ?”

“ಮತ್ತ ನನಗ ಯಾಕ ಹಂಗ ಹೇಳಿದಿ?”

“ಮೀನಾ ತರೂ ಟೆಂಪೋದಾಂವ ಕಲಿಸಿದ್ರಿ. ‘ಸಸಾರ ಹೇಳಿದ್ರ ಒಯ್ತಾರ, ಕಷ್ಟ ಹೇಳಿದ್ರ ಬಿಟ್ಟ ಹೋಗ್ತಾರ’ ಅಂತ. ಹೇಳಿ ಹೇಳಿ ನನಗೂ ಅದ ಖರೆ ಅನಸಾಕತ್ತಿತ್ರಿ.”

ನಾನು ಸಿಟ್ಟಿನ ಮಾತುಗಳನ್ನು ಮೊದಲೇ ಜೋಡಿಸಿಕೊಂಡು ಹೋಗಿದ್ದೆ. ಆದರೆ ಈ ತಪ್ಪು ನನಗೆ ಚಿರಪರಿಚಿತ. ಯಾರೋ ಓಲೆಯ ಮೇಲೆ ತಪ್ಪು ಬರೆದುಕೊಟ್ಟಿರುತ್ತಾರೆ, ಕಲ್ಲುಕುಟಿಗ ಅದನ್ನೇ ಅಂದವಾಗಿ ಕೊರೆದಿರುತ್ತಾನೆ, ನನ್ನಂಥವನೊಬ್ಬ ಬಂದು ಕನ್ನಡಕ ಸರಿಪಡಿಸಿಕೊಂಡು ನಕಲು ಮಾಡಿಕೊಳ್ಳುತ್ತಾನೆ. ಈ ಸಾಲಿನಲ್ಲಿ ಕೊನೆಯವನು ನಾನೇ. ತಾಳೆ ನೋಡಬೇಕಾದವನೂ ನಾನೇ.

“ಬೈಯಾಕ ಬಂದಿಲ್ಲ, ಮೌಲಾಸಾಬ. ಒಮ್ಮೆ ಮನಿಗೆ ಬಾ. ನೀನ ಹೇಳು. ನಾ ಹೇಳಿದ್ರ ಅಕಿಗೆ ತನ್ನದ ತಪ್ಪ ಅನಸ್ತೈತಿ.”

ಆತ ಅಂಗಡಿಯ ಷಟರ್ ಅರ್ಧಕ್ಕೆ ಎಳೆದ. ಚೌಕನೆಯ ಉದ್ದ ಟ್ಯಾಂಕು, ಗಾಳಿಯ ಪಂಪು, ತನ್ನ ಅಂಗಡಿಯ ಟ್ಯಾಂಕಿನ ನೀರು ತುಂಬಿದ ಎರಡು ಕ್ಯಾನು ಆಟೋದಲ್ಲಿಟ್ಟು ನನ್ನ ಜತೆಗೇ ಬಂದ. ಪಡಸಾಲೆಯಲ್ಲಿ ನೀಲಮ್ಮನ ಎದುರು ನಿಂತು, ಆಕೆಗೆ ಕೇಳಿಸುವುದಿಲ್ಲವೆಂದು ಗೊತ್ತಿದ್ದೂ, ಕೈಜೋಡಿಸಿ ಸಣ್ಣ ದನಿಯಲ್ಲೇ ಹೇಳಿದ: “ಅಕ್ಕಾರ, ನಾ ಹೇಳಿದ್ದ ತಪ್ಪಾತ್ರಿ.” ಬಟ್ಟಲು ತೊಳೆಯುವಂತೆ ಕೈಸನ್ನೆ ಮಾಡಿ, ಬೇಡವೆಂದು ತಲೆಯಾಡಿಸಿ, ತನ್ನ ಎದೆ ಮುಟ್ಟಿ ತೋರಿಸಿದ.

ಆಕೆ ಅವನ ಕೈಗಳನ್ನು ನೋಡಿದಳು, ಆಮೇಲೆ ನನ್ನ ಕಿಸೆಯಿಂದ ಇಣುಕುತ್ತಿದ್ದ ಪುಸ್ತಕವನ್ನು, ಆಮೇಲೆ ತನ್ನ ಅಂಗೈಗಳನ್ನು. ನಾವಿಬ್ಬರೂ ಸೇರಿ ಮುಚ್ಚಿಡಲು ಹೊರಟಿದ್ದನ್ನು ತಾನೇ ಎತ್ತಿಕೊಂಡಳು.

“ನೀ ಹೇಳಿದಿ, ಇವರು ಬರಕೊಂಡ್ರು, ನಾ ಮಾಡಿದ್ನಿ. ಮೂರ ಮಂದಿ ಶ್ಯಾಣ್ಯಾರು ಸೇರಿ ಒಂದ ಮೀನಾ ಇಟಗೊಳ್ಳಾಕ ಆಗಲಿಲ್ಲ ನೋಡು.” ಸೆರಗಿನಿಂದ ಕಣ್ಣೊರೆಸಿಕೊಂಡು, “ನಿಂತೀಯಲ್ಲೋ ತಮ್ಮಾ, ಮೊದಲ ಅದನ್ನ ಹೊಸಾ ನೀರಿಗೆ ಬಿಡು. ಚಹಾ ಆಮ್ಯಾಲೆ” ಎಂದಳು.

“ಹೊಸಾ ನೀರಲ್ರಿ ಅಕ್ಕಾರ, ಹಳೇ ನೀರು,” ಎಂದ ಮೌಲಾಸಾಬ. ಈ ಸಲ ಆತನ ಮಾತು ಅಕ್ಷರಶಃ ಸತ್ಯವಾಗಿತ್ತು. ದುರದೃಷ್ಟಕ್ಕೆ ಆಕೆಗೆ ಕೇಳಿಸಲಿಲ್ಲ.

ಆ ದಿನ ಕೆಂಪಿ ದೊಡ್ಡ ಟ್ಯಾಂಕಿನ ಮೂಲೆಯಲ್ಲಿ ಕದಲದೆ ಇತ್ತು. ಮರುದಿನ ಬೆನ್ನ ಮೇಲಿನ ರೆಕ್ಕೆ ಸ್ವಲ್ಪ ಬಿಚ್ಚಿಕೊಂಡಿತು. ಮೌಲಾಸಾಬ ಎರಡೂ ದಿನ ಬಂದು ನೋಡಿ ಹೋದ. ಬದುಕುತ್ತದೆಂದು ಭರವಸೆ ಕೊಡಲಿಲ್ಲ, ‘ನೋಡೂಣ್ರಿ’ ಎಂದಷ್ಟೇ ಹೇಳಿದ. ಆತ ಖಚಿತವಾಗಿ ಹೇಳಿದ ನಾಲ್ಕು ಮಾತುಗಳಿಗಿಂತ ಈ ಅನಿಶ್ಚಿತ ಮಾತು ನನಗೆ ಹೆಚ್ಚು ವಿಶ್ವಾಸಾರ್ಹವೆನ್ನಿಸಿತು.

ಗುರುವಾರ ಬೆಳಿಗ್ಗೆ ನಾನು ಪಡಸಾಲೆಗೆ ಬಂದಾಗ ನೀಲಮ್ಮ ಟ್ಯಾಂಕಿನ ಮುಂದೆ ಕುಳಿತಿದ್ದಳು. ಕೆಂಪಿ ಗಾಜಿಗೆ ಮೂತಿ ಹಚ್ಚಿ, ಆಕೆಯ ಬೆರಳು ಹೋದತ್ತ ಹೋಗುತ್ತಿತ್ತು. ಪಂಪಿನಿಂದ ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು. ಆಕೆ ಗುಳ್ಳೆಗಳನ್ನು ತೋರಿಸಿ, “ಇದು ಸಪ್ಪಳ ಮಾಡ್ತೈತೇನ್ರಿ?” ಎಂದು ಕೇಳಿದಳು.

ಮಾಡುತ್ತಿತ್ತು. ಗುಡುಗುಡಿಯಂತೆ, ದೂರದಲ್ಲಿ ಅನ್ನ ಕುದಿಯುವಂತೆ. ನಾನು ಕೂಗಿ ಹೇಳಲಿಲ್ಲ. ಹಾಳೆಗೂ ಕೈ ಹಾಕಲಿಲ್ಲ. ಆಕೆಯ ಕೈ ಹಿಡಿದು ಪಂಪಿನ ಪಕ್ಕದ ಗಾಜಿನ ಮೇಲೆ ಒತ್ತಿ ಇಟ್ಟೆ. ಸಣ್ಣ ನಡುಕ ಅಂಗೈಗೆ ಹತ್ತಿರಬೇಕು; ಆಕೆ ಕಣ್ಣು ಮುಚ್ಚಿ, ಕತ್ತು ಓರೆ ಮಾಡಿ, ಕಿವಿಗೊಟ್ಟವರಂತೆ ಸ್ವಲ್ಪ ಹೊತ್ತು ಕುಳಿತಳು.

“ಕೇಳಸಾಕತ್ತೈತಿ,” ಎಂದಳು. “ಆದ್ರ ಭಾಳ ಮಾತಾಡ್ತೈತ್ರಿ ಇದು. ಸುಮ್ಮನ ಕೂಡಂಗ ಇಲ್ಲ.”

ಆಮೇಲೆ, ಹಿಡಿದ ನನ್ನ ಕೈ ಬಿಡದೆ, ತಂಗಿಯ ಮನೆಯ ಸುದ್ದಿಯನ್ನು ಮೊದಲಿನಿಂದ ಶುರುಮಾಡಿದಳು. ಕೆಂಪಿಗೆ ಒಮ್ಮೆ ಹೇಳಿ ಮುಗಿಸಿದ್ದ ಸುದ್ದಿಯದು. ಈ ಸಲ ಆಕೆ ನನ್ನ ಕಡೆ ನೋಡಿ ಹೇಳುತ್ತಿದ್ದಳು.