ತೊಟ್ಟಿಲಿಗಿಂತ ಮೊದಲು ಮೋತಿ

ಮದುವೆಯಾಗಿ ಎರಡು ವರ್ಷ ಕಳೆದ ಗಂಡಸೊಬ್ಬ ಕಂಕುಳಲ್ಲಿ ನಾಯಿಮರಿ ಇಟ್ಟುಕೊಂಡು ಸೊಲ್ಲಾಪುರದ ಓಣಿಯಲ್ಲಿ ಹೋದರೆ, ನೋಡುವವರ ಕಣ್ಣು ಮರಿಯ ಮೇಲೆ ಅರೆಗಳಿಗೆ ನಿಂತು, ಬಾಗಿಲಲ್ಲಿ ನಿಂತ ಅವನ ಹೆಂಡತಿಯ ಹೊಟ್ಟೆಯತ್ತ ತಿರುಗುತ್ತದೆ. ಇದು ನನ್ನ ಸ್ವಾನುಭವ. ಹತ್ತಿರದ ಬೋರಾಮಣಿ ಹಳ್ಳಿಯ ಕುರುಬನೊಬ್ಬ ಕೊಟ್ಟ ತಬ್ಬಲಿ ಮರಿಯದು; ಮೋತಿ ಎಂದು ಹೆಸರಿಟ್ಟೆವು. ತೊಟ್ಟಿಲು ಕಟ್ಟುವ ಮೊದಲು ನಾಯಿ ಕಟ್ಟಬಾರದೆಂದು ಓಣಿಯ ಹಿರಿಯರು ಏಕಕಂಠದಿಂದ ತೀರ್ಪಿತ್ತರು. ಶಾಸ್ತ್ರಾಧಾರ ಕೇಳಿದರೆ ಮಾತ್ರ ಎಲ್ಲರಿಗೂ ಮನೆಗೆಲಸ ನೆನಪಾಗುತ್ತಿತ್ತು.

ನಾನೋ ಬಟ್ಟೆ ಗಿರಣಿಯ ಗುಮಾಸ್ತ. ಲೇಖನಿಗಿಂತ ಭಾರವಾದದ್ದನ್ನು ಎತ್ತಿದವನಲ್ಲ. ಅಂಥವನು ಅರಳೆಯ ಬತ್ತಿಯಿಂದ ಹಾಲು ಹನಿಸುವುದನ್ನೂ, ಕುಡಿದ ಮರಿಯನ್ನು ಹೆಗಲಿಗೆ ಆನಿಸಿ ಬೆನ್ನು ತಟ್ಟುತ್ತ ಪಡಸಾಲೆಯಲ್ಲಿ ಶತಪಥ ಹಾಕುವುದನ್ನೂ ಕಲಿತೆ. ನನ್ನ ಹೆಂಡತಿ ಕಮಲಾ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಮರಿ ದುಂಡಗಾದಂತೆ ನನ್ನ ಎದೆಯೂ ಉಬ್ಬಿತು. ಅದು ಮೊದಲ ಸಲ ಬೊಗಳಿದ ವಾರ್ತೆಯನ್ನು ಗಿರಣಿಯಲ್ಲಿ ಕೇಳಿದವರಿಗೂ ಕೇಳದವರಿಗೂ ಸವಿಸ್ತಾರವಾಗಿ ಹೇಳಿದೆ.

ಮರುವರ್ಷವೇ ಕಮಲಾ ಚೊಚ್ಚಲ ಹೆರಿಗೆಗೆಂದು ಅಕ್ಕಲಕೋಟದ ತವರಿಗೆ ಹೋದಳು, ಹೆಣ್ಣುಮಗು ಹುಟ್ಟಿತು. ಓಣಿಯ ತೀರ್ಪು ಬಿದ್ದುಹೋಯಿತೆಂದು ನಾನು ಹಿಗ್ಗುತ್ತಿರುವಾಗಲೇ ಮೇಲಿನ ಕೋರ್ಟಿನಿಂದ, ಎಂದರೆ ನಮ್ಮ ಅತ್ತೆಯವರಿಂದ, ಆಜ್ಞೆ ಬಂತು: "ನಾಯಿ ಇರೂ ಮನಿಗಿ ಕೂಸಿನ್ನ ಕಳಸಂಗಿಲ್ಲ." ಮೀಸೆ ಹೊತ್ತ ನಾನು, ಹೆಸರಿಡುವ ಶಾಸ್ತ್ರ ಮುಗಿದೊಡನೆ ಮೋತಿಯನ್ನು ಬೋರಾಮಣಿಗೆ ಬಿಟ್ಟುಬರುತ್ತೇನೆಂದು ತೆಪ್ಪಗೆ ಕಾಗದ ಬರೆದೆ. ಬರೆದ ಮೇಲೆ ಮೋತಿಯ ಮುಖ ನೋಡುವುದು ನನ್ನಿಂದಾಗಲಿಲ್ಲ.

ಹೆಸರಿಡುವ ದಿನ ಅಕ್ಕಲಕೋಟದ ಮನೆ ತುಂಬ ನೆಂಟರು. ಆಗಿನ ಮರ್ಯಾದೆ ನಿಮಗೆ ಗೊತ್ತಿರಬಹುದು: ಹಿರಿಯರೆದುರು ತಂದೆಯಾದವನು ತನ್ನ ಕೂಸನ್ನು ಎತ್ತಿಕೊಳ್ಳುವುದಿರಲಿ, ಆಸೆಯಿಂದ ಅದರತ್ತ ನೋಡುವುದೂ ನಾಚಿಕೆಗೇಡು. ನಾನೂ ಗೋಡೆಯನ್ನು ಗಂಭೀರವಾಗಿ ಅವಲೋಕಿಸುತ್ತ ಕುಳಿತಿದ್ದೆ. ಹಾಲು ಕುಡಿಸಿ ತೊಟ್ಟಿಲಿಗೆ ಹಾಕಿದ ಕೂಸು ಚೀರತೊಡಗಿತು. ತೂಗಿದರು, ದೃಷ್ಟಿ ತೆಗೆದರು, ಬಜೆ ತೇಯ್ದು ನೆಕ್ಕಿಸಿದರು, ಅಳು ನಿಲ್ಲಲಿಲ್ಲ. ಅದು ಹೇಗಾಯಿತೋ, ನನ್ನ ಕೈಗಳು ನನ್ನನ್ನು ಕೇಳದೆಯೇ ಕೂಸನ್ನು ಎತ್ತಿ, ಹೆಗಲಿಗೆ ಹಾಕಿ, ಬೆನ್ನು ತಟ್ಟತೊಡಗಿದವು. ಮಾವನವರು ಕೆಮ್ಮಿದರು. ಕೂಸು ಮಾತ್ರ ಜೋರಾಗಿ ತೇಗಿ, ನನ್ನ ಹೊಸ ಕೋಟಿನ ಮೇಲೆ ಹಾಲು ಕಕ್ಕಿ, ಹಾಗೆಯೇ ನಿದ್ದೆಹೋಯಿತು.

"ಇದನ್ನ ಎಲ್ಲಿ ಕಲತ್ರಿ?" ಎಂದು ಅತ್ತೆ ಕೇಳಿದರು.

"ಆ ನಾಯಿನೇ ಕಲಿಸೇತಿ, ಯವ್ವಾ," ಎಂದಳು ಕಮಲಾ ಬಾಣಂತಿ ಕೋಣೆಯ ಬಾಗಿಲಿನಿಂದ. ಅವಳ ದನಿಯಲ್ಲಿ ಹೆಮ್ಮೆಯಿತ್ತು. ತಂದೆತನಕ್ಕೂ ತಾಲೀಮು ಬೇಕೆಂಬುದು, ನಾನು ಅದನ್ನು ಯಾರ ಗರಡಿಯಲ್ಲಿ ಮುಗಿಸಿದ್ದೆನೆಂಬುದು ನನಗೂ ಹೊಳೆದದ್ದು ಆಗಲೇ.

ಅತ್ತೆ ನನ್ನ ಕೋಟಿನ ಕಲೆಯನ್ನು ಬಹಳ ಹೊತ್ತು ನೋಡಿದರು. "ಬರೂ ತಿಂಗಳ ಬಂದು ಇಬ್ಬರನ್ನೂ ಕರಕೊಂಡ ಹೋಗ್ರಿ. ಅಲ್ಲೀತನ ಆ ನಾಯಿಗಿ ಚಲೋ ಜಳಕಾ ಮಾಡಿಸಿ ಇಡ್ರಿ," ಎಂದರು.

ಕಲೆಯನ್ನು ಒರೆಸಿಕೊಳ್ಳದೆ, ಪದಕ ಗೆದ್ದ ಪೈಲವಾನನ ಠೀವಿಯಿಂದ ಸೊಲ್ಲಾಪುರದ ಬಸ್ಸು ಹತ್ತಿದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಮಾತಿಗೆಳೆದು, ಮಕ್ಕಳೆಷ್ಟೆಂದು ಕೇಳಿದರು.

"ಎರಡರಿ," ಎಂದೆ. "ಸಣ್ಣಾಕಿ ಆಯಿ ಮನ್ಯಾಗ ಅದಾಳ್ರಿ. ದೊಡ್ಡಾಂವಗ ಜಳಕಾ ಮಾಡಸಾಕ ಹೊಂಟೀನ್ರಿ."